ನೆನಪು ಹೋದ ನಾಯಕಿ: ನನ್ನ ಕಾದಂಬರಿ ಸಿನಿಮಾ ಥರ ಆಗುತ್ತಿದೆಯಾ?

ಅರ್ಧಕ್ಕೆ ನಿಂತ ಕಥೆ (ಗೋರೆಗಾಂವ್)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. 140 ಪುಟ ಆದ ಮೇಲೆ ಗಾಡಿ ನಿಂತುಬಿಟ್ಟಿದೆ. ಕಥೆ ಇಷ್ಟು.

2005ರ ಜುಲೈ 26, ಮುಂಬಯಿ ಮಳೆಯಲ್ಲಿ ಮುಳುಗಿದ ದಿನ. ಕುರ್ಲಾ ಹತ್ತಿರ ಎದೆಮಟ್ಟದ ನೀರಿನಲ್ಲಿ ನಡೆಯುತ್ತಿದ್ದ ಒಬ್ಬ ಹೆಂಗಸು ಬೀಳುತ್ತಾಳೆ. ತಲೆಗೆ ಪೆಟ್ಟು. ಪರ್ಸು, ಕಾಗದಪತ್ರ, ಚಪ್ಪಲಿ ಎಲ್ಲ ನೀರುಪಾಲು. ಎಚ್ಚರ ಆದಾಗ ಆಸ್ಪತ್ರೆ, ತನ್ನ ಹೆಸರೂ ಗೊತ್ತಿಲ್ಲ. ನಾಲ್ಕನೇ ದಿನ ಒಂದು ಮನೆಯವರು ಬಂದು "ಇವಳು ನಮ್ಮ ಸೊಸೆ" ಎಂದು ಡೊಂಬಿವಲಿಗೆ ಕರೆದುಕೊಂಡು ಹೋಗುತ್ತಾರೆ. ಗಂಡ ಇದ್ದಾನೆ. ಗೋಡೆಯ ಮೇಲೆ ಮುಖ ಸರಿಯಾಗಿ ಕಾಣದ ಮದುವೆ ಫೋಟೊ ಇದೆ. ಕಪಾಟಿನ ತುಂಬ ಸೀರೆ. ರವಿಕೆ ಮಾತ್ರ ಒಂದೂ ಅಳತೆಗೆ ಬರುವುದಿಲ್ಲ. "ಕಾಯಿಲೆ ಬಿದ್ದು ಸೊರಗಿದ್ದೀಯಲ್ಲ" ಎನ್ನುತ್ತಾಳೆ ಅತ್ತೆ.

ಅವಳು ಅವರ ಸೊಸೆ ಅಲ್ಲ. ನಿಜವಾದ ಸೊಸೆಗೆ ಏನಾಯಿತು ಅನ್ನುವುದೇ ಆ ಮನೆಯ ಗುಟ್ಟು. ಓದುಗರಿಗೆ ಇದು ನೂರನೇ ಪುಟದ ಹೊತ್ತಿಗೆ ಗೊತ್ತಾಗುತ್ತದೆ. ನಾಯಕಿಗೆ ಹೇಗೆ ಗೊತ್ತಾಗಬೇಕು? ನಾನು ಬರೆದದ್ದು ಹೀಗೆ: ಮೆಟ್ಟಿಲ ಮೇಲೆ ಜಾರುತ್ತಾಳೆ, ಮತ್ತೆ ತಲೆಗೆ ಪೆಟ್ಟು, ಎಲ್ಲ ನೆನಪು ವಾಪಸ್. ನನ್ನ ತಂಗಿ ಇದನ್ನು ಓದಿ ನಗಲು ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ.

ಹೀಗೆ ನೆನಪು ಹೋಗುವುದು ನಿಜಕ್ಕೂ ಉಂಟಾ? ಮುಂಬಯಿಯಂಥ ಊರಿನಲ್ಲಿ ಒಬ್ಬರ ಹಳೆಯ ಬದುಕನ್ನು ಅವರಿಂದಲೇ ಮುಚ್ಚಿಡಲು ಆಗುತ್ತಾ? ಬೈಯುವುದಿದ್ದರೂ ಬೈಯಿರಿ.

ಸುಮ್ನೆ ಓದುಗ

ತಂಗಿ ನಕ್ಕಿದ್ದು ಸರಿ.

ಮಿಸಳ್ ಪಾವ್

ಎರಡನೇ ಪೆಟ್ಟಿಗೆ ನೆನಪು ಬಂದರೆ ಮೂರನೇ ಪೆಟ್ಟಿಗೆ ಮತ್ತೆ ಹೋಗಬೇಕಲ್ವಾ? ಅದನ್ನು ಎರಡನೇ ಭಾಗಕ್ಕೆ ಇಟ್ಟುಕೊಳ್ಳಿ 😄

ವಾರ್ಡ್ ನಂಬರ್ 9 (ಪುಣೆ)

ನಾನು ಡಾಕ್ಟರ್. ಮೊದಲೇ ಹೇಳಿಬಿಡುತ್ತೇನೆ, ತಲೆಗೆ ಎರಡನೇ ಸಲ ಪೆಟ್ಟು ಬಿದ್ದರೆ ಇದ್ದ ನೆನಪೂ ಹಾಳಾಗುತ್ತದೆ, ಹೋದದ್ದು ಬರುವುದಿಲ್ಲ.

ಇನ್ನೊಂದು ತೊಂದರೆ ನಿಮ್ಮ ಮೊದಲ ಅಧ್ಯಾಯದಲ್ಲೇ ಇದೆ. ಪೆಟ್ಟಿನಿಂದ ನೆನಪು ಹೋದವರು ಸಾಮಾನ್ಯವಾಗಿ ತಮ್ಮ ಹೆಸರು ಮರೆಯುವುದಿಲ್ಲ. ಪೆಟ್ಟು ಬೀಳುವ ಮುಂಚಿನ ಕೆಲವು ಗಂಟೆ, ಕೆಲವು ದಿನ, ಕೆಲವೊಮ್ಮೆ ವರ್ಷಗಳು ಅಳಿಸಿಹೋಗಬಹುದು. ಆದರೆ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ಬಾಲ್ಯದ ಅಂಗಳ ನೆನಪಿರುತ್ತದೆ, ಬೆಳಗ್ಗೆ ತಿಂದ ತಿಂಡಿ ಇರುವುದಿಲ್ಲ. ಸಿನಿಮಾದಲ್ಲಿ ಇದು ಪೂರ್ತಿ ಉಲ್ಟಾ.

ಹೆಸರು, ಮನೆ, ಗಂಡ, ಮಕ್ಕಳು ಎಲ್ಲ ಒಟ್ಟಿಗೆ ಮಾಯವಾಗಿ, ಮಾತು, ಲೆಕ್ಕ, ರಸ್ತೆ ದಾಟುವುದು ಎಲ್ಲ ಸರಿಯಾಗಿದ್ದರೆ ನಮಗೆ ಪೆಟ್ಟಿಗಿಂತ ಮನಸ್ಸಿನ ಮೇಲೆ ಅನುಮಾನ. ಸಹಿಸಲಾಗದ್ದು ಏನೋ ನಡೆದಿರುತ್ತದೆ, ಮನಸ್ಸು ಬಾಗಿಲು ಹಾಕಿಕೊಂಡಿರುತ್ತದೆ. ಅಪರೂಪ, ಆದರೆ ಉಂಟು. ಹಾಗಾದರೆ ನಿಮ್ಮ ನಾಯಕಿ ನೀರಿಗೆ ಬೀಳುವ ಮೊದಲು ಎಲ್ಲಿಂದ ಬರುತ್ತಿದ್ದಳು? ಮನೆಗೆ ಹೋಗುತ್ತಿದ್ದಳಾ, ಮನೆ ಬಿಟ್ಟು ಹೊರಟಿದ್ದಳಾ? ಅದನ್ನು ಬರೆದಿದ್ದೀರಾ?

ಅರ್ಧಕ್ಕೆ ನಿಂತ ಕಥೆ

ಇಲ್ಲ ಡಾಕ್ಟ್ರೇ. ಅದನ್ನು ನಾನು ಯೋಚನೆಯೇ ಮಾಡಿಲ್ಲ. ನನಗೆ ಈಗ ನಿದ್ದೆ ಬರುವುದಿಲ್ಲ.

ಧಾರವಾಡ ಪೇಡೆ (ಪುಣೆ)

ಡಾಕ್ಟರ್ ಹೇಳಿದ್ದಕ್ಕೆ ಒಂದು ಉದಾಹರಣೆ ಇದೆ ನೋಡ್ರಿ. ಅಗಾಥಾ ಕ್ರಿಸ್ಟಿ. 1926ರ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಮನೆಯಿಂದ ಕಾರು ತೆಗೆದುಕೊಂಡು ಹೋದವರು 11 ದಿನ ಪತ್ತೆ ಇರಲಿಲ್ಲ. ಕಾರು ಒಂದು ಕಡೆ ಬಿದ್ದಿತ್ತು. ಪೊಲೀಸರು, ಊರ ಜನ ಎಲ್ಲ ಹುಡುಕಿದರು. ಕೊನೆಗೆ ಹ್ಯಾರೋಗೇಟ್ ಎಂಬ ಊರಿನ ಹೋಟೆಲಿನಲ್ಲಿ ಸಿಕ್ಕಿದರು. ಅಲ್ಲಿ ಬರೆಸಿದ್ದ ಅಡ್ಡಹೆಸರು ನೀಲ್. ಅದು ಯಾರದ್ದು ಗೊತ್ತೇನ್ರಿ? ಗಂಡ ಯಾರಿಗಾಗಿ ವಿಚ್ಛೇದನ ಕೇಳುತ್ತಿದ್ದನೋ ಆ ಹೆಂಗಸಿನದ್ದು. ನೆನಪು ಹೋಗಿತ್ತು ಎಂದು ಮನೆಯವರು ಹೇಳಿದರು. ಆಕೆ ತನ್ನ ಆತ್ಮಕಥೆಯಲ್ಲಿ ಆ 11 ದಿನದ ಬಗ್ಗೆ ಒಂದು ಸಾಲೂ ಬರೆದಿಲ್ಲ.

ನನಗೇನು ಅನ್ನಿಸುತ್ತದೆ ಅಂದರೆ, ಆಕೆಗೆ ಎಲ್ಲ ನೆನಪಿತ್ತು.

ವಾರ್ಡ್ ನಂಬರ್ 9

ನೂರು ವರ್ಷದ ನಂತರ ಪುಣೆಯಲ್ಲಿ ಕೂತು ರೋಗಿಯನ್ನು ನೋಡದೆ ಅದನ್ನು ಹೇಳಲಾಗುವುದಿಲ್ಲ ಸರ್.

ಧಾರವಾಡ ಪೇಡೆ

ನಾನು ರೋಗಿಯನ್ನು ನೋಡುತ್ತಿಲ್ಲ ಡಾಕ್ಟ್ರೇ, ಹೆಸರನ್ನು ನೋಡುತ್ತಿದ್ದೇನೆ. ಎಲ್ಲ ಮರೆತವಳಿಗೆ ಲೋಕದ ಎಲ್ಲ ಹೆಸರು ಬಿಟ್ಟು ಅದೇ ಹೆಸರು ಹೊಳೆಯಿತಾ?

ವಾರ್ಡ್ ನಂಬರ್ 9

ಹೊಳೆಯಬಹುದು. ನೋವು ಎಲ್ಲಿದೆಯೋ ಅದೇ ಮೇಲೆ ಬರುತ್ತದೆ.

ಕಲ್ಯಾಣ್ ಸ್ಲೋ (ಡೊಂಬಿವಲಿ)

ನಮ್ಮ ಊರಿನ ಫ್ಲ್ಯಾಟಿಗೆ ಗುಟ್ಟು ತಂದು ಹಾಕಿದ್ದೀರಿ, ಥ್ಯಾಂಕ್ಸ್. ಆದರೆ ಡೊಂಬಿವಲಿಯ ಸೊಸೈಟಿಯಲ್ಲಿ ಸೊಸೆ ಬದಲಾದರೆ ಎದುರು ಮನೆ ಕಾಕೂಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಆ ಕಾಕೂಗೆ ನೆನಪು ಹೋಗಿರಬೇಕು.

ಅರ್ಧಕ್ಕೆ ನಿಂತ ಕಥೆ

ಅವರು ಹೊಸದಾಗಿ ಮನೆ ಬದಲಿಸಿರುತ್ತಾರೆ ಅಣ್ಣ. ಅದಕ್ಕೇ ಬದಲಿಸಿದ್ದು.

ಕಲ್ಯಾಣ್ ಸ್ಲೋ

ಹಾಗಾದರೆ ಹಾಲಿನವನು, ಪೇಪರಿನವನು, ಗಂಡನ ಆಫೀಸಿನವರು? ಸುಮ್ಮನೆ ಕೇಳುತ್ತಿದ್ದೇನೆ, ಬರೆಯುವುದು ನಿಮ್ಮ ಕಷ್ಟ.

ಮೀರಾ ರೋಡ್ ಮಾಮಿ

26 ಜುಲೈ ಎಂದ ಕೂಡಲೇ ಮೈ ಜುಂ ಎಂದಿತು. ಅವತ್ತು ನಾನು ಅಂಧೇರಿಯಿಂದ ಬೊರಿವಲಿವರೆಗೆ ನಡೆದೆ, ಮಧ್ಯಾಹ್ನ ಮೂರಕ್ಕೆ ಹೊರಟವಳು ಮುಟ್ಟಿದ್ದು ಬೆಳಗಿನ ಜಾವ. ಗುರುತಿಲ್ಲದ ಒಬ್ಬ ಹುಡುಗ ದಾರಿಯುದ್ದ ಕೈ ಹಿಡಿದಿದ್ದ. ಅವನ ಮುಖ ನೆನಪಿಲ್ಲ. ಅವನ ಕೈಯಲ್ಲಿದ್ದ ಸ್ಟೀಲ್ ಡಬ್ಬಿ ನೆನಪಿದೆ.

ಸುಮ್ನೆ ಓದುಗ

ಕುರ್ಲಾದಲ್ಲಿ ಎದೆಮಟ್ಟ ಅಲ್ಲ. ಕಲಿನಾದಲ್ಲಿ ಕುತ್ತಿಗೆವರೆಗೆ ಇತ್ತು, ನಾನು ಇದ್ದೆ.

ಮಿಸಳ್ ಪಾವ್

ನಿಮ್ಮ ಎತ್ತರ ಎಷ್ಟು ಸರ್?

ರಾತ್ರಿ ಶಾಲೆ

ನಾನು ಅವತ್ತು ದಕ್ಷಿಣ ಮುಂಬಯಿಯ ಫೋರ್ಟ್‌ನಲ್ಲಿ ಇದ್ದೆ. ನಮಗೆ ಅಲ್ಲಿ ಏನೂ ಗೊತ್ತಾಗಲಿಲ್ಲ. ಮಳೆ ಇತ್ತು, ಜುಲೈನಲ್ಲಿ ಇರುವುದೇ. ಆಮೇಲೆ ಲೆಕ್ಕ ಬಂತಲ್ಲ, ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ., ನಮ್ಮ ಪಕ್ಕದ ಕೊಲಾಬಾದಲ್ಲಿ 73. ಒಂದೇ ಊರು! ಫೋರ್ಟ್‌ನಿಂದ ಹೊರಟವರು ಮುಂದೆ ಏನಿದೆ ಎಂದು ತಿಳಿಯದೆ ಹೊರಟರು. ತಂಗೀ, ನಿನ್ನ ನಾಯಕಿಯನ್ನು ಫೋರ್ಟ್‌ನಿಂದ ಹೊರಡಿಸು. ಅವಳು ಮನೆ ಬಿಟ್ಟು ಹೊರಟಿದ್ದರೆ ವಿ.ಟಿ. ಸ್ಟೇಷನ್‌ನಿಂದ ವಾಪಸ್ ಬರುತ್ತಿರಬಹುದು, ದೂರದ ಗಾಡಿ ಹತ್ತಲು ಧೈರ್ಯ ಸಾಲದೆ.

ಅರ್ಧಕ್ಕೆ ನಿಂತ ಕಥೆ

ಮಾಮಾ, ಇದನ್ನು ನಾನು ಕದಿಯುತ್ತೇನೆ. ಹೇಳಿಯೇ ಕದಿಯುತ್ತೇನೆ.

ಕಾಯ್ದೆ ಪುಸ್ತಕ (ಠಾಣೆ)

ಎರಡನೇ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಬರುತ್ತೇನೆ. ವಕೀಲಿ ನನ್ನ ಹೊಟ್ಟೆಪಾಡು.

2005 ಆರಿಸಿದ್ದು ಜಾಣತನ. ಆಧಾರ್ ಕೊಡಲು ಶುರು ಮಾಡಿದ್ದು 2010ರಲ್ಲಿ. ಈಗಾಗಿದ್ದರೆ ನಿಮ್ಮ ಕಥೆ ಒಂದು ಕಡೆ ಮುಗ್ಗರಿಸುತ್ತದೆ. ಮನೆಯವರು "ಸೊಸೆಯ ಆಧಾರ್ ಕಳೆದುಹೋಗಿದೆ, ಹೊಸದು ಮಾಡಿಸೋಣ" ಎಂದು ಕರೆದುಕೊಂಡು ಹೋಗುತ್ತಾರೆ. ಬೆರಳಚ್ಚು ಕೊಟ್ಟರೆ ಅರ್ಜಿ ತಿರಸ್ಕಾರ, ಯಾಕೆಂದರೆ ಈ ಬೆರಳಿಗೆ ಆಗಲೇ ಒಂದು ಹೆಸರಿದೆ. ಕಾಣೆಯಾದ ಎಷ್ಟೋ ಮಕ್ಕಳು ಹೀಗೆಯೇ ಮನೆ ಸೇರಿದ್ದಾರೆ.

ಆ ಮನೆಯವರಿಗೆ ಇವಳು ಯಾಕೆ ಬೇಕು? ಫ್ಲ್ಯಾಟ್ ಸೊಸೆಯ ಹೆಸರಲ್ಲಿದೆ, ಮಾರಲು ಅವಳ ಸಹಿ ಬೇಕು ಎಂದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕು. ಗುರುತಿನ ಚೀಟಿ, ಹೆಬ್ಬೆಟ್ಟು, ಗುರುತು ಹೇಳಲು ಸಾಕ್ಷಿಗಳು. ನಾಯಕಿ ಅಲ್ಲಿ ಬೇರೆಯವಳ ಹೆಸರಿನಲ್ಲಿ ಸಹಿ ಮಾಡಲು ಪೆನ್ನು ಹಿಡಿಯುವ ದೃಶ್ಯ ಬರೆಯಿರಿ. ಕೈ ಬೇರೆಯೇ ಸಹಿ ಹಾಕುತ್ತದೆ ಎಂದು ಇಟ್ಟುಕೊಳ್ಳಿ.

ವಾರ್ಡ್ ನಂಬರ್ 9

ಇದು ಸರಿಯಾದ ಜಾಗ! ಕೈಯ ನೆನಪು ಬೇರೆ, ತಲೆಯ ನೆನಪು ಬೇರೆ.

ಹೆನ್ರಿ ಮೊಲೈಸನ್ ಎಂಬ ಅಮೆರಿಕದವರಿದ್ದರು. ಮೂರ್ಛೆರೋಗಕ್ಕೆ 1953ರಲ್ಲಿ ಮೆದುಳಿನ ಆಪರೇಷನ್ ಆಯಿತು, ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ (ಹೊಸ ನೆನಪು ಕೂಡಿಡಲು ಬೇಕಾದ ಜಾಗ) ಇರುವ ಭಾಗ ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಹೊಸದು ಯಾವುದೂ ನೆನಪಿನಲ್ಲಿ ನಿಲ್ಲದಂತಾಯಿತು. 2008ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಇದ್ದರು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಂದ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆ ಎಳೆಸಿದರು. ಪ್ರತಿ ದಿನ "ಇದನ್ನು ನಾನು ಮೊದಲ ಸಲ ಮಾಡುತ್ತಿದ್ದೇನೆ" ಎನ್ನುತ್ತಿದ್ದರು. ಆದರೆ ಕೈ ದಿನದಿನಕ್ಕೆ ಸುಧಾರಿಸುತ್ತಾ ಹೋಯಿತು. ಕೈ ಕಲಿತದ್ದು ಮನುಷ್ಯನಿಗೆ ಗೊತ್ತಿಲ್ಲ.

ಮೆಟ್ಟಿಲು ಬಿಡಿ ಅಮ್ಮಾ. ಕೈಗೆ ಏನಾದರೂ ಕೆಲಸ ಕೊಡಿ.

ಮಿಸಳ್ ಪಾವ್

ನೀರ್‌ದೋಸೆ ಹುಯ್ಯುತ್ತಾಳೆ! ಅತ್ತೆ ಹೆದರಿ ಚಟ್ನಿ ಬೀಳಿಸುತ್ತಾಳೆ!

ಧಾರವಾಡ ಪೇಡೆ

ನೀರ್‌ದೋಸೆ ಈಗ ಎಲ್ಲರೂ ಹುಯ್ಯುತ್ತಾರೆ. ರೊಟ್ಟಿ ಬಡಿಸ್ರಿ. ಜೋಳದ ರೊಟ್ಟಿ ಬಡಿಯುವ ಕೈ ಮೈ ಮರೆತರೂ ಮರೆಯುವುದಿಲ್ಲ.

ಸುಮ್ನೆ ಓದುಗ

ಮರಾಠಿಯವರೂ ಭಾಕ್ರಿ ಬಡಿಯುತ್ತಾರೆ. ಗುಟ್ಟು ಹೇಗೆ ಒಡೆಯುತ್ತದೆ?

ಕಟಪಾಡಿ ಅಕ್ಕ (ಮುಲುಂಡ್)

ನಾನು ಇಷ್ಟು ಹೊತ್ತು ಓದುತ್ತಾ ಮಾತ್ರ ಇದ್ದೆ. ನನಗೊಂದು ಹೊಳೆಯಿತು.

ನಿಮ್ಮ ನಾಯಕಿ ಶಂಕರಪುರ ಕಡೆಯವಳು ಅಂದುಕೊಳ್ಳಿ. ನಮ್ಮಲ್ಲಿ ಮಲ್ಲಿಗೆಯನ್ನು ನೂಲಿನಲ್ಲಿ ಕಟ್ಟುವುದಿಲ್ಲ, ಬಾಳೆನಾರಿನಲ್ಲಿ ಕಟ್ಟುತ್ತೇವೆ. ಚೆಂಡು, ಅಟ್ಟೆ ಎಂದು ಲೆಕ್ಕ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮನೆಮನೆಯಲ್ಲಿ ಮಕ್ಕಳು ಶಾಲೆಗೆ ಹೋಗುವ ಮೊದಲು ಕಟ್ಟಿಟ್ಟು ಹೋಗುತ್ತಿದ್ದೆವು, ಯಾಕೆಂದರೆ ಹೂವು ಕೊಂಡುಹೋಗುವವರು ಕಾಯುವುದಿಲ್ಲ. ನಾನು ಏಳು ವರ್ಷಕ್ಕೇ ಕಟ್ಟುತ್ತಿದ್ದೆ. ಮುಂಬಯಿಗೆ ಬಂದು 31 ವರ್ಷ. ಈಗಲೂ ಟಿ.ವಿ. ನೋಡುವಾಗ ಬೆರಳು ಸುಮ್ಮನಿರುವುದಿಲ್ಲ, ಸೆರಗಿನ ತುದಿಯನ್ನೇ ಸುತ್ತಿ ಗಂಟು ಹಾಕುತ್ತಿರುತ್ತದೆ. ಮಗಳು ಬೈಯುತ್ತಾಳೆ.

ಡೊಂಬಿವಲಿಯ ಅತ್ತೆ ಗಣಪತಿ ಹಬ್ಬಕ್ಕೆ ಬಿಡಿ ಹೂವು ತಂದು ಇಡುತ್ತಾಳೆ, ದಾರದ ಉಂಡೆ ಇಡುತ್ತಾಳೆ. ಇವಳು ದಾರ ಮುಟ್ಟುವುದೇ ಇಲ್ಲ. ಪೂಜೆಗೆ ತಂದ ಬಾಳೆಕಂಬದ ಪಟ್ಟೆಯಿಂದ ನಾರು ಸೀಳಿಕೊಳ್ಳುತ್ತಾಳೆ. ಕಣ್ಣು ಬೇರೆ ಕಡೆ, ಬೆರಳು ತನ್ನಷ್ಟಕ್ಕೆ ಕಟ್ಟುತ್ತಿದೆ. ಅತ್ತೆಗೆ ಗೊತ್ತು, ತನ್ನ ಸೊಸೆಗೆ ಹೂವು ಕಟ್ಟಲು ಬರುತ್ತಿರಲಿಲ್ಲ.

ಅರ್ಧಕ್ಕೆ ನಿಂತ ಕಥೆ

ಅಕ್ಕಾ. ಅಕ್ಕಾ. ನನ್ನ 140 ಪುಟಕ್ಕಿಂತ ನಿಮ್ಮ ಹತ್ತು ಸಾಲು ಜಾಸ್ತಿ ಚೆನ್ನಾಗಿದೆ.

ಮಿಸಳ್ ಪಾವ್

ನೀರ್‌ದೋಸೆ ವಾಪಸ್ ತೆಗೆದುಕೊಂಡೆ.

ವಾಸ್ಕೋ ಲೋಕಲ್ (ಗೋವಾ)

ಗುಟ್ಟು ಅಂದರೆ ಗೋವಾಕ್ಕೆ ಬನ್ನಿ. ಇಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದ 1961ರ ಡಿಸೆಂಬರ್ 19ಕ್ಕೆ ಮೊದಲು ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗೀಸ್ ಪಾಸ್‌ಪೋರ್ಟ್‌ಗೆ ಓಡಾಡುತ್ತಿರುತ್ತಾರೆ. ಅದಕ್ಕೆ ಅಜ್ಜನ ಜನನ ದಾಖಲೆ, ಮದುವೆ ದಾಖಲೆ ತೆಗೆಸಬೇಕು. ನಮ್ಮ ಪಕ್ಕದ ಮನೆಯವರು ಹಾಗೆ ತೆಗೆಸಲು ಹೋದರು. ಅಜ್ಜನ ಹೆಸರಿನಲ್ಲಿ ಎರಡು ಮದುವೆ ಸಿಕ್ಕಿತು. ಎರಡೂ ಅದೇ ತಾಲೂಕು. ಪಾಸ್‌ಪೋರ್ಟ್ ಬಂತು, ಇಡೀ ಮನೆ ಒಂದು ವರ್ಷ ಮಾತು ಬಿಟ್ಟಿತು.

ಅಜ್ಜಿಗೆ ಮೊದಲೇ ಗೊತ್ತಿತ್ತಂತೆ.

ಧಾರವಾಡ ಪೇಡೆ

ಅಜ್ಜಿಗೆ ಗೊತ್ತಿತ್ತು ಅಂದಿರಲ್ಲ, ನಾನು ಆಗಿನಿಂದ ಹೇಳಲು ಒದ್ದಾಡುತ್ತಿರುವುದು ಅದೇ. ನಾವು ಮರೆತವರ ಹಿಂದೆ ಓಡುತ್ತಿದ್ದೇವೆ. ನೆನಪಿದ್ದೂ ಸುಮ್ಮನಿರುವವರನ್ನು ಹಿಡಿಯಬೇಕು.

ಶಕುಂತಲೆಯ ಕಥೆ ನೋಡ್ರಿ. ನಮಗೆ ಗೊತ್ತಿರುವುದು ಕಾಳಿದಾಸನದ್ದು. ದೂರ್ವಾಸರ ಶಾಪ, ಉಂಗುರ ನೀರಿಗೆ ಬಿತ್ತು, ಮೀನು ನುಂಗಿತು, ರಾಜ ಮರೆತ. ಪಾಪ, ಅವನದ್ದೇನು ತಪ್ಪು? ಆದರೆ ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಶಕುಂತಲೆ ಮಗನ ಕೈ ಹಿಡಿದು ಸಭೆಗೆ ಬರುತ್ತಾಳೆ. ದುಷ್ಯಂತನಿಗೆ ಎಲ್ಲ ನೆನಪಿದೆ. ನೆನಪಿದ್ದೇ "ನೀನು ಯಾರೋ ನನಗೆ ಗೊತ್ತಿಲ್ಲ" ಎನ್ನುತ್ತಾನೆ. ಆಮೇಲೆ ಅಶರೀರವಾಣಿ ಆಗುತ್ತದೆ. ಆಗ "ನನಗೆ ಗೊತ್ತಿತ್ತು, ಜನ ಒಪ್ಪಲಿ ಎಂದು ಹೀಗೆ ಮಾಡಿದೆ" ಎನ್ನುತ್ತಾನೆ.

ಎರಡರಲ್ಲಿ ಯಾವುದು ಹೆದರಿಕೆ ಹುಟ್ಟಿಸುತ್ತದೆ? ನನಗಂತೂ ಎರಡನೆಯದು. ಕಾಳಿದಾಸ ಒಂದು ಮರೆವು ತಂದು ರಾಜನನ್ನು ಉಳಿಸಿದ. ಈಗಿನ ಥ್ರಿಲ್ಲರ್‌ಗಳೂ ಅದನ್ನೇ ಮಾಡುತ್ತವೆ, ನೆನಪು ಹೋಯಿತು ಎಂದು ಎಲ್ಲರ ತಪ್ಪನ್ನೂ ತೊಳೆದುಬಿಡುತ್ತವೆ.

ಸುಮ್ನೆ ಓದುಗ

ಕಾಳಿದಾಸನನ್ನು ಥ್ರಿಲ್ಲರ್ ಮಾಡಿದಿರಾ? ಚೆನ್ನಾಗಿದೆ.

ಮೀರಾ ರೋಡ್ ಮಾಮಿ

ಹಾಗೆ ನೋಡಿದರೆ ಕರ್ಣ. ಹುಟ್ಟಿನ ಗುಟ್ಟೂ ಅವನದ್ದೇ, ಬೇಕಾದ ಹೊತ್ತಿಗೆ ಅಸ್ತ್ರದ ಮಂತ್ರ ಮರೆಯುವ ಶಾಪವೂ ಅವನಿಗೇ. ಕುಂತಿಗೆ ಮಾತ್ರ ಎಲ್ಲ ನೆನಪಿತ್ತು. ಯುದ್ಧ ಹತ್ತಿರ ಬರುವವರೆಗೂ ಅವಳು ಬಾಯಿ ಬಿಡಲಿಲ್ಲ.

ಮಿಸಳ್ ಪಾವ್

ಹನುಮಂತನೂ ಇದ್ದಾನೆ. ತನ್ನ ಶಕ್ತಿ ಮರೆತಿದ್ದ, ಜಾಂಬವಂತ ನೆನಪು ಮಾಡಬೇಕಾಯಿತು.

ವಾಸ್ಕೋ ಲೋಕಲ್

ಅವನಿಗೆ ತಲೆಗೆ ಪೆಟ್ಟು ಬಿದ್ದಿರಲಿಲ್ಲ. ದವಡೆಗೆ.

ಕಾಯ್ದೆ ಪುಸ್ತಕ

ವಿಷಯಕ್ಕೆ ಬನ್ನಿ ಮಾರಾಯ್ರೇ. ಕಾದಂಬರಿಯಲ್ಲಿ ಪೊಲೀಸರು ಎಲ್ಲಿದ್ದಾರೆ?

ಅರ್ಧಕ್ಕೆ ನಿಂತ ಕಥೆ

ಹನ್ನೆರಡನೇ ಅಧ್ಯಾಯದಲ್ಲಿ. ಒಬ್ಬ ಇನ್ಸ್‌ಪೆಕ್ಟರ್ ಅವಳಿಗೆ ಇಂಜೆಕ್ಷನ್ ಕೊಡಿಸಿ ನಿಜ ಹೊರಗೆ ತೆಗೆಸುತ್ತಾನೆ. ಮಂಪರು ಪರೀಕ್ಷೆ.

ಕಾಯ್ದೆ ಪುಸ್ತಕ

ತೆಗೆದುಹಾಕಿ. 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ. ಆ ಕೇಸಿನ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ನಿಮ್ಮ ಕಥೆ 2005ರದ್ದು, ಆಗ ಮಾಡುತ್ತಿದ್ದರು, ಅದು ಸರಿ. ಆದರೆ ಮಾಡುತ್ತಿದ್ದದ್ದು ಆರೋಪಿಗಳಿಗೆ. ಇವಳು ಏನು ತಪ್ಪು ಮಾಡಿದ್ದಾಳೆ?

ವಾರ್ಡ್ ನಂಬರ್ 9

ಜೊತೆಗೆ ಆ ಔಷಧಿ ನಿಜವನ್ನು ಹಿಂಡಿ ತೆಗೆಯುವ ಯಂತ್ರ ಅಲ್ಲ. ಮಂಪರಿನಲ್ಲಿ ಮನುಷ್ಯ ನಿಜವನ್ನೂ ಹೇಳುತ್ತಾನೆ, ಕನಸನ್ನೂ ಹೇಳುತ್ತಾನೆ, ಕೇಳಿದವರಿಗೆ ಏನು ಬೇಕೋ ಅದನ್ನೂ ಹೇಳುತ್ತಾನೆ.

ಅದರ ಬದಲು ಇದನ್ನು ಯೋಚಿಸಿ. ಎಲಿಜಬೆತ್ ಲಾಫ್ಟಸ್ ಎಂಬ ಮನಶ್ಶಾಸ್ತ್ರಜ್ಞೆ 1974ರಲ್ಲಿ ಒಂದು ಪ್ರಯೋಗ ಮಾಡಿದರು. ಕಾರುಗಳು ಗುದ್ದುವ ಸಣ್ಣ ಫಿಲ್ಮು ತೋರಿಸಿದರು. ಕೆಲವರಿಗೆ "ತಗುಲಿದಾಗ ಎಷ್ಟು ವೇಗ ಇತ್ತು" ಎಂದು ಕೇಳಿದರು, ಕೆಲವರಿಗೆ "ಅಪ್ಪಳಿಸಿದಾಗ" ಎಂದು ಕೇಳಿದರು. ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂದರೆ, "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡ 50 ಜನರಲ್ಲಿ 16 ಮಂದಿ ಹೌದು ಎಂದರು. "ತಗುಲಿದಾಗ" ಎಂದು ಕೇಳಿಸಿಕೊಂಡವರಲ್ಲಿ 7. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ.

ಒಂದು ಶಬ್ದಕ್ಕೆ ಇಷ್ಟು. ನಿಮ್ಮ ಅತ್ತೆ ಆರು ತಿಂಗಳು ದಿನಾ ರಾತ್ರಿ "ನಾವೆಲ್ಲ ಮಹಾಬಳೇಶ್ವರಕ್ಕೆ ಹೋಗಿದ್ದೆವಲ್ಲ, ನಿನ್ನ ಸೀರೆಗೆ ಸ್ಟ್ರಾಬೆರಿ ಕಲೆ ಆಗಿತ್ತಲ್ಲ" ಎಂದು ಹೇಳಿದರೆ? ನಾಯಕಿಗೆ ಆ ಕಲೆ ನೆನಪಾಗುತ್ತದೆ. ಹೋಗದ ಊರಿನ ಚಳಿ ನೆನಪಾಗುತ್ತದೆ. ಪ್ರೀತಿಯಿಂದ ಹೇಳಿದರೆ ಇನ್ನೂ ಬೇಗ.

ಕಲ್ಯಾಣ್ ಸ್ಲೋ

ಡಾಕ್ಟ್ರೇ, ಹೊಸ ಭಾಷೆ ಹೋಗಿ ಹಳೆಯ ಭಾಷೆ ಉಳಿಯುವುದು ಉಂಟಾ? ಕಾದಂಬರಿಗೆ ಅಲ್ಲ, ಮನೆಗೆ.

ನನ್ನ ಅಮ್ಮನಿಗೆ 79. ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷ. 50 ವರ್ಷ ಇಲ್ಲಿದ್ದರು. ಮೀನಿನವಳ ಜೊತೆ ಮರಾಠಿಯಲ್ಲಿ ಜಗಳ ಮಾಡಿ ಗೆಲ್ಲುತ್ತಿದ್ದವರು. ಈಗ ಮರಾಠಿ ಇಲ್ಲ, ಹಿಂದಿ ಇಲ್ಲ. ಕನ್ನಡವೂ ಕಡಿಮೆ, ತುಳು ಮಾತ್ರ. ನನ್ನ ಹೆಂಡತಿ ಸಾತಾರದವಳು. ಮೊದಲು ಇಬ್ಬರೂ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಈಗ ಅವಳು ಫೋನಿನಲ್ಲಿ ನನ್ನನ್ನು ಕೇಳಿ ತುಳು ಕಲಿಯುತ್ತಿದ್ದಾಳೆ. "ನುಪ್ಪು" ಅಂದರೆ ಅನ್ನ, "ನೀರ್" ಅಂದರೆ ನೀರು, "ಬಲ" ಅಂದರೆ ಬಾ.

ವಿಚಿತ್ರ ಏನೆಂದರೆ ಅಮ್ಮ ಅವಳನ್ನು ಜಲಜಾ ಎಂದು ಕರೆಯುತ್ತಾರೆ. ನಮ್ಮ ಮನೆಯಲ್ಲಿ, ನೆಂಟರಲ್ಲಿ, ಊರಿನಲ್ಲಿ ನನಗೆ ಗೊತ್ತಿರುವ ಜಲಜಾ ಯಾರೂ ಇಲ್ಲ. ಸೋದರಮಾವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅದು ಈಗ ಯಾಕೆ" ಎಂದರು. ಫೋನ್ ಇಟ್ಟರು.

ಮಿಸಳ್ ಪಾವ್

ಅಯ್ಯೋ! ಇದು ಕಾದಂಬರಿ! ಜಲಜಾ ಯಾರು? ಮಾವನನ್ನು ಬಿಡಬೇಡಿ!

ಸುಮ್ನೆ ಓದುಗ

ಅಮ್ಮನ ಅಕ್ಕ ಇರಬೇಕು. ಆ ಕಾಲದಲ್ಲಿ ಬಾವಿಗೆ ಬಿದ್ದವರ ಹೆಸರು ಮನೆಯಲ್ಲಿ ಎತ್ತುತ್ತಿರಲಿಲ್ಲ.

ವಾಸ್ಕೋ ಲೋಕಲ್

ಅಥವಾ ಓಡಿಹೋದವರದ್ದು. ಊರಿನ ಶಾಲೆಯ ರಿಜಿಸ್ಟರ್ ನೋಡಿಸಿ, ಸಿಗುತ್ತದೆ.

ಕಲ್ಯಾಣ್ ಸ್ಲೋ

ಇದು ನನ್ನ ತಾಯಿ. ನಿಮ್ಮ ಪತ್ತೇದಾರಿ ಕಾದಂಬರಿ ಅಲ್ಲ.

ಮಿಸಳ್ ಪಾವ್

ಸಾರಿ ಅಣ್ಣ. ನಿಜವಾಗಿಯೂ.

ವಾರ್ಡ್ ನಂಬರ್ 9

ಉಂಟು. ಆಮೇಲೆ ಕಲಿತ ಭಾಷೆ ಮೊದಲು ಹೋಗಿ, ತಾಯಿ ಕಲಿಸಿದ್ದು ಕೊನೆಯವರೆಗೂ ಉಳಿಯುವುದನ್ನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಹೆಸರು ತಪ್ಪಿ ಕರೆದರೆ ತಿದ್ದಲು ಹೋಗಬೇಡಿ. ತಿದ್ದಿದರೆ ಅವರಿಗೆ ಗಾಬರಿ ಮಾತ್ರ ಉಳಿಯುತ್ತದೆ, ಯಾಕೆ ಎಂಬುದು ಮರೆತಿರುತ್ತದೆ.

ರಾತ್ರಿ ಶಾಲೆ

ಭಾಷೆ, ಹೆಸರು ಎಂದಿರಲ್ಲ, ನನಗೆ ಒಬ್ಬ ನೆನಪಾದ. 1960ರ ದಶಕದ ಮಾತು. ಆಗ ಕೊಂಕಣ ರೈಲು ಕನಸಿನಲ್ಲೂ ಇರಲಿಲ್ಲ, ಅದು ಪೂರ್ತಿ ಆದದ್ದು 1998ರಲ್ಲಿ. ಹುಡುಗರು ಹಡಗಿನಲ್ಲಿ, ಬಸ್ಸಿನಲ್ಲಿ ಬರುತ್ತಿದ್ದರು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು, ರಾತ್ರಿ ಕನ್ನಡ ಶಾಲೆ. ನಾನೂ ಅದರಲ್ಲೇ ಮೆಟ್ರಿಕ್ ಮಾಡಿದವನು.

ನಮ್ಮ ಹೋಟೆಲಿಗೆ ಒಬ್ಬ ಹುಡುಗ ಓಡಿಬಂದ. 12 ವರ್ಷ ಇರಬಹುದು. ಹೆಸರು ಕೇಳಿದರೆ ಹೇಳಿದ. ಆ ಹೆಸರಿನವರು ಆಗಲೇ ಇಬ್ಬರು ಅಡುಗೆಮನೆಯಲ್ಲಿದ್ದರು. ಯಜಮಾನರು "ನಿನ್ನನ್ನು ರಘು ಎನ್ನೋಣ" ಎಂದರು. ಅಷ್ಟೇ. ಶಾಲೆಯ ರಿಜಿಸ್ಟರ್‌ನಲ್ಲೂ ರಘು, ಆಮೇಲೆ ರೇಷನ್ ಕಾರ್ಡಿನಲ್ಲೂ ರಘು. ಮುಂಬಯಿಯಲ್ಲಿ ಹಳೆಯದನ್ನು ಮುಚ್ಚಿಡಲು ಆಗುತ್ತಾ ಎಂದು ಕೇಳಿದೆಯಲ್ಲ ತಂಗೀ, ಒಂದು ತಟ್ಟೆ ಇಡ್ಲಿ ತಿಂದು ಮುಗಿಸುವುದರೊಳಗೆ ಆಗುತ್ತಿತ್ತು.

ನಾಲ್ಕೈದು ವರ್ಷದ ನಂತರ ಅವನ ಅಣ್ಣ ಹುಡುಕಿಕೊಂಡು ಬಂದ. ಮುಖ ಒಂದೇ ಅಚ್ಚು. ರಘು ಟೇಬಲ್ ಒರೆಸುತ್ತಾ "ನಿಮಗೆ ಜನ ತಪ್ಪಿದೆ" ಎಂದ. ಚಹಾ ತಂದಿಟ್ಟ. ಅಣ್ಣ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅವನು ಹೋದ ಮೇಲೆ ಆ ಕಪ್ಪನ್ನು ತಾನೇ ತೊಳೆದ.

ಆ ವರ್ಷದ ಪರೀಕ್ಷೆಯಲ್ಲಿ ತಂದೆಗೆ ಒಂದು ಪತ್ರ ಬರೆಯಿರಿ ಎಂಬ ಪ್ರಶ್ನೆ ಇತ್ತು, 10 ಅಂಕಕ್ಕೆ. ರಘು ಮೂರು ಗಂಟೆ ಅದೊಂದನ್ನೇ ಬರೆದ. ಉಳಿದ ಪ್ರಶ್ನೆ ಮುಟ್ಟಲಿಲ್ಲ. ನಾಪಾಸಾದ. ಮೇಷ್ಟ್ರು ಆ ಉತ್ತರಪತ್ರಿಕೆ ಯಾರಿಗೂ ತೋರಿಸಲಿಲ್ಲ.

ಕಟಪಾಡಿ ಅಕ್ಕ

ಮಾಮಾ, ಆಮೇಲೆ ಅವರು ಊರಿಗೆ ಹೋದರಾ?

ರಾತ್ರಿ ಶಾಲೆ

ಇಲ್ಲ. ಸ್ವಂತ ಹೋಟೆಲು ಮಾಡಿದ. ಓಡಿಬಂದ ಹುಡುಗರು ಬಂದರೆ ಹೆಸರು ಮಾತ್ರ ಬದಲಿಸುತ್ತಿರಲಿಲ್ಲ. ಒಂದೇ ಹೆಸರಿನ ನಾಲ್ಕು ಜನ ಇದ್ದರೂ ಇರಲಿ ಎನ್ನುತ್ತಿದ್ದ.

ಧಾರವಾಡ ಪೇಡೆ

ದುಷ್ಯಂತನ ಮೇಲಿನ ನನ್ನ ಸಿಟ್ಟು ಈಗ ಅರ್ಧ ಇಳಿಯಿತು ಮಾಮಾ. ಪೂರ್ತಿ ಅಲ್ಲ. ಅವನು ರಾಜ, ಇವನು ಹುಡುಗ.

ಮೀರಾ ರೋಡ್ ಮಾಮಿ

ಯಶವಂತ ಚಿತ್ತಾಲರು 1979ರಲ್ಲೇ ‘ಶಿಕಾರಿ’ ಕಾದಂಬರಿಯಲ್ಲಿ ಈ ಊರಿನ ಕಂಪನಿಯಲ್ಲಿ ಒಬ್ಬನ ಹಳೆಯ ದಿನಗಳನ್ನು ಕೆದಕುವ ಕಥೆ ಬರೆದರು. ಯಾರಿಗೂ ನೆನಪು ಹೋಗಿರಲಿಲ್ಲ. ಅದಕ್ಕೇ ಓದುವಾಗ ಉಸಿರು ಕಟ್ಟುತ್ತದೆ.

ಅರ್ಧಕ್ಕೆ ನಿಂತ ಕಥೆ

ಮೂರು ದಿನ ಇಲ್ಲಿಗೆ ಬರಲಿಲ್ಲ, ಕ್ಷಮಿಸಿ. ಬರೆಯುತ್ತಿದ್ದೆ. ಮೆಟ್ಟಿಲು ತೆಗೆದೆ. ಇಂಜೆಕ್ಷನ್ ತೆಗೆದೆ, ಇನ್ಸ್‌ಪೆಕ್ಟರ್ ಪಾಪ ಕೆಲಸ ಕಳೆದುಕೊಂಡ. ಮಹಾಬಳೇಶ್ವರ ಹಾಕಿದೆ. ಗಣಪತಿ ಹಬ್ಬದ ಹೂವಿನ ದೃಶ್ಯ ಹಾಕಿದೆ.

ಈಗ ಕಥೆ ಎಲ್ಲಿಗೆ ಬಂತೆಂದರೆ, ಅವಳಿಗೆ ನೆನಪು ಪೂರ್ತಿ ಬರುವುದೇ ಇಲ್ಲ. ಬೆರಳಿಗೆ ಮಾತ್ರ ಬಂದಿದೆ. ಅತ್ತೆ ಅದನ್ನು ನೋಡಿದ್ದಾಳೆ. ಅತ್ತೆ ನೋಡಿದ್ದನ್ನು ಇವಳೂ ನೋಡಿದ್ದಾಳೆ. ಇಬ್ಬರೂ ಮಾತಾಡುವುದಿಲ್ಲ. ಮರುದಿನ ಬೆಳಗ್ಗೆ ಅತ್ತೆ ಎಂದಿನಂತೆ ಚಹಾ ತರುತ್ತಾಳೆ.

ಆ ಚಹಾ ಕುಡಿಯುತ್ತಾಳಾ ಇಲ್ಲವಾ ಎನ್ನುವುದು ಗೊತ್ತಿಲ್ಲ ನನಗೆ.

ಸುಮ್ನೆ ಓದುಗ

ಕುಡಿಯಲಿ. ಅತ್ತೆಯನ್ನು ನಾನು ನಂಬುತ್ತೇನೆ.

ಕಾಯ್ದೆ ಪುಸ್ತಕ

ನಾನು ನಂಬುವುದಿಲ್ಲ. ನಿಜವಾದ ಸೊಸೆ ಎಲ್ಲಿ?

ಮಿಸಳ್ ಪಾವ್

ಹೌದಲ್ವಾ! ಅವಳನ್ನು ನಾವೆಲ್ಲ ಮರೆತೇಬಿಟ್ಟೆವು.

ಅರ್ಧಕ್ಕೆ ನಿಂತ ಕಥೆ

ಕಲ್ಯಾಣ್ ಸ್ಲೋ ಅಣ್ಣ, ನಿಮ್ಮನ್ನು ಒಂದು ಕೇಳಬೇಕು. ಬೇಡ ಎಂದರೆ ಬೇಡ. ಬೇರೆ ಹೆಸರಿನಲ್ಲಿ ಕರೆಯುವ ಅತ್ತೆಯನ್ನು ಕಥೆಯಲ್ಲಿ ಇಟ್ಟುಕೊಳ್ಳಬಹುದಾ?

ಕಲ್ಯಾಣ್ ಸ್ಲೋ

ಮೊನ್ನೆ ಸಿಟ್ಟು ಮಾಡಿಕೊಂಡೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಡಾಕ್ಟರ್ ಹೇಳಿದ ಮೇಲೆ ತಿದ್ದುವುದು ಬಿಟ್ಟೆವು. ಅಮ್ಮ ಕರೆದರೆ ನನ್ನ ಹೆಂಡತಿ ಓಗೊಡುತ್ತಾಳೆ. ಅವಳ ಕೈಯಲ್ಲಿ ಊಟ ಮಾಡುತ್ತಾರೆ, ನನ್ನ ಕೈಯಲ್ಲಿ ಮಾಡುವುದಿಲ್ಲ. ನಿನ್ನೆ ಅವಳ ತಲೆ ಸವರಿ "ನಿನಗೆ ಆಗ ತುಂಬ ನೋವಾಯಿತಾ" ಎಂದು ಕೇಳಿದರಂತೆ. ತುಳುವಿನಲ್ಲಿ. ಇವಳು ನನಗೆ ಫೋನ್ ಮಾಡಿ ಅರ್ಥ ಕೇಳಿದಳು. ನಾನು ಹೇಳಿದೆ. ಇವಳು ಹೋಗಿ "ಇಲ್ಲ" ಎಂದಳು.

ಮಾವನಿಗೆ ಮತ್ತೆ ಫೋನ್ ಮಾಡಿಲ್ಲ.

ಇಟ್ಟುಕೊಳ್ಳಿ. ಹೆಸರು ಮಾತ್ರ ಬದಲಿಸಿ. ಅಥವಾ ಬೇಡ, ಹಾಗೇ ಇರಲಿ. ಜಲಜಾ ಎಂದು ನಾನು ಇಲ್ಲಿ ಬರೆದದ್ದೂ ಅಮ್ಮ ಕರೆಯುವ ಹೆಸರಲ್ಲ.

ಕಟಪಾಡಿ ಅಕ್ಕ

ತಂಗೀ, ಹೂವಿನ ದೃಶ್ಯ ಕಳುಹಿಸಿದ್ದೆಯಲ್ಲ, ಓದಿದೆ. ಚೆನ್ನಾಗಿ ಬಂದಿದೆ. ಒಂದೇ ತಪ್ಪು. ಅವಳು ಕಂಬದಿಂದ ಸೀಳಿ ಬಿಸಿಲಿಗೆ ಒಣಗಿಸಿದ ನಾರಿನಲ್ಲಿ ಹಾಗೇ ಕಟ್ಟುತ್ತಾಳೆ ಎಂದು ಬರೆದಿದ್ದೀ. ಒಣಗಿದ ನಾರು ತುಂಡಾಗುತ್ತದೆ. ಮೊದಲು ಸ್ವಲ್ಪ ಹೊತ್ತು ನೆನೆಯಲು ಬಿಡಬೇಕು.